ಏಳು ಸೆಕೆಂಡಿನ ಹಾಳೆ

ಎ4 ಹಾಳೆಯ ಅಗಲ 210 ಮಿಲಿಮೀಟರ್, ಉದ್ದ 297. ಅದನ್ನು ಕಣ್ಣಿನಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಇಡೀ ಹಾಳೆ ಕಾಣುತ್ತಿದೆ ಎಂದೇ ನಮಗನ್ನಿಸುತ್ತದೆ. ನಿಜವಾಗಿ ಕಾಣುವುದು ಬಹಳ ಕಡಿಮೆ. ಅಕ್ಷರದ ಅಂಚನ್ನು ಸ್ಪಷ್ಟವಾಗಿ ಹಿಡಿಯಬಲ್ಲದ್ದು ಅಕ್ಷಿಪಟಲದ ನಡುವಿನ ಫೋವಿಯಾ ಎಂಬ ಸಣ್ಣ ಗುಳಿ ಮಾತ್ರ. ಅದರ ನೋಟದ ಹರವು ಎರಡು ಡಿಗ್ರಿಯ ಆಸುಪಾಸು. 40 ಸೆಂಟಿಮೀಟರ್ ದೂರದ ಹಾಳೆಯ ಮೇಲೆ ಅದು 1.4 ಸೆಂಟಿಮೀಟರ್ ಅಗಲದ ಒಂದು ವೃತ್ತ. ನಾಲ್ಕೂ ಕಡೆ 25 ಮಿಲಿಮೀಟರ್ ಮಾರ್ಜಿನ್ ಬಿಟ್ಟು ಉಳಿದ ಜಾಗವನ್ನು ತುಂಬಲು ಅಂಥ ಸುಮಾರು 250 ವೃತ್ತಗಳು ಬೇಕು.

ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಜಿಗಿಯುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಮತ್ತು ಸಂಗಡಿಗರು 1870ರ ದಶಕದ ಕೊನೆಯಲ್ಲಿ ಇದನ್ನು ಗುರುತಿಸಿದರು. ಒಂದು ನಿಲುಗಡೆ, ಒಂದು ಜಿಗಿತ, ಮತ್ತೆ ನಿಲುಗಡೆ. ಪ್ರತಿ ನಿಲುಗಡೆಗೆ ಹೆಚ್ಚುಕಡಿಮೆ ಕಾಲು ಸೆಕೆಂಡು ಬೇಕು, ಜಿಗಿತದ ನಡುವೆ ಏನೂ ಓದಲಾಗದು. ಲ್ಯಾಡರ್ಸ್ ಎಂಬ ಅಮೆರಿಕದ ಉದ್ಯೋಗ ಜಾಲತಾಣ ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ಅಳೆದು, ಒಂದು ರೆಸ್ಯೂಮೆಯ ಮೊದಲ ನೋಟ ಸರಾಸರಿ 7.4 ಸೆಕೆಂಡು ಎಂದು 2018ರಲ್ಲಿ ಹೇಳಿತು. ಅಷ್ಟರಲ್ಲಿ ಕಣ್ಣು ಇಪ್ಪತ್ತೈದು ಮೂವತ್ತು ಕಡೆ ನಿಲ್ಲಬಹುದು. 250ರಲ್ಲಿ ಇಪ್ಪತ್ತೈದು ಎಂದರೆ ಹತ್ತರಲ್ಲಿ ಒಂದು ಪಾಲು. ಅದೊಂದು ಕಂಪನಿ ಮಾಡಿದ ಅಧ್ಯಯನ, ಅದರ ಸಂಖ್ಯೆಯನ್ನು ವೇದವಾಕ್ಯವೆಂದು ಹಿಡಿಯಬೇಕಿಲ್ಲ. ಹದಿನೈದು ಸೆಕೆಂಡು ಎಂದುಕೊಳ್ಳಿ: ಆಗಲೂ ಐದರಲ್ಲಿ ನಾಲ್ಕು ಪಾಲು ಹಾಳೆಯನ್ನು ಯಾರೂ ಓದಿರುವುದಿಲ್ಲ.

ಮಣಿಪಾಲದಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ಹತ್ತಿರ ಬಂದಾಗ, ಉಡುಪಿಯ ಜೆರಾಕ್ಸ್ ಅಂಗಡಿಗಳ ಮುಂದೆ ಹುಡುಗ ಹುಡುಗಿಯರು ಸಾಲುಗಟ್ಟಿ ನಿಂತಾಗ, ಅವರ ಕೈಯಲ್ಲಿರುವ ಹಾಳೆಗೆ ಎದುರಾಗುವ ಪರೀಕ್ಷೆ ಇದು. ರೆಸ್ಯೂಮೆಯಲ್ಲಿ 'ನನ್ನತನ' ಕಾಣಬೇಕು ಎನ್ನುವವರು ಸಾಮಾನ್ಯವಾಗಿ ಬಣ್ಣದ ಪಟ್ಟಿ, ದುಂಡು ಚೌಕಟ್ಟಿನ ಫೋಟೊ, ಚಿತ್ತಾರದ ಫಾಂಟ್ ಹುಡುಕುತ್ತಾರೆ. ನನಗೆ ಈ ಆಸೆಯ ಬಗ್ಗೆ ಗೌರವವಿದೆ. ಒಂದೇ ಅಚ್ಚಿನ ನೂರು ಹಾಳೆಗಳ ನಡುವೆ ತಾನು ಕಳೆದುಹೋಗಬಾರದು ಎನ್ನುವುದು ನ್ಯಾಯವಾದ ಆಸೆ. ಆದರೆ ಆ ನನ್ನತನ ಕಾಣಬೇಕಾದ ಜಾಗ ಯಾವುದು ಎಂದು ಕೇಳಿದರೆ, ಕಣ್ಣಿನ ವಿಜ್ಞಾನ ಬಣ್ಣದ ಪಟ್ಟಿಯತ್ತ ಬೆರಳು ತೋರಿಸುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ಬಿಳಿ ಜಾಗ ಎಂಬುದರತ್ತ ತೋರಿಸುತ್ತದೆ.

ಇದು ಮಣಿಪಾಲಕ್ಕೆ ಹೊಸ ವಿದ್ಯೆಯಲ್ಲ. ಇಲ್ಲಿ 1941ರಲ್ಲೇ ಮಣಿಪಾಲ್ ಪವರ್ ಪ್ರೆಸ್ ಶುರುವಾಗಿತ್ತು. 1970ರ ಜನವರಿ 1ರಂದು 'ಉದಯವಾಣಿ' ದಿನಪತ್ರಿಕೆ ಮಣಿಪಾಲದ ಗುಡ್ಡದ ಮೇಲಿಂದಲೇ ಹೊರಟಿತು. ಪತ್ರಿಕೆಯ ಪುಟ ಕಟ್ಟುವವರು ರಾತ್ರಿ ರಾತ್ರಿ ಮಾಡುವುದೂ ಇದೇ ಲೆಕ್ಕಾಚಾರ: ಮಡಿಕೆಯ ಮೇಲ್ಭಾಗಕ್ಕೆ ಯಾವ ಸುದ್ದಿ, ಒಳಪುಟಕ್ಕೆ ಯಾವುದು, ಯಾವ ತಲೆಬರಹಕ್ಕೆ ಎಷ್ಟು ಅಳತೆಯ ಅಕ್ಷರ. ಓದುಗನ ಕಣ್ಣು ಮೊದಲು ಎಲ್ಲಿ ಇಳಿಯುತ್ತದೆ ಎಂದು ತಿಳಿಯದೆ ಪುಟ ಕಟ್ಟಲಾಗದು. ವೆಬ್ ಪುಟಗಳ ಮೇಲೆ ಜಾಲತಾಣ ಬಳಕೆಯ ತಜ್ಞ ಜಾಕೋಬ್ ನೀಲ್ಸನ್ 2006ರಲ್ಲಿ 232 ಮಂದಿಯ ನೋಟವನ್ನು ದಾಖಲಿಸಿದಾಗ ಕಂಡದ್ದು ಇಂಗ್ಲಿಷಿನ 'ಎಫ್' ಅಕ್ಷರದ ಆಕಾರ. ಮೇಲೆ ಅಡ್ಡಲಾಗಿ ಒಂದು ಓಟ, ಸ್ವಲ್ಪ ಕೆಳಗೆ ಇನ್ನೊಂದು ಚಿಕ್ಕ ಓಟ, ಆಮೇಲೆ ಎಡ ಅಂಚಿನುದ್ದಕ್ಕೆ ನೇರ ಇಳಿಕೆ. ಕೆಳಗಿನ ಬಲ ಮೂಲೆ ಬಹುತೇಕ ಕತ್ತಲೆಯಲ್ಲೇ ಉಳಿಯಿತು.

ಆ ಮೂಲೆಯಲ್ಲಿ ನಾವು ಏನನ್ನು ಇಡುತ್ತೇವೆ? ಕರಾವಳಿಯ ರೆಸ್ಯೂಮೆಗಳಲ್ಲಿ ಹುಟ್ಟಿದ ದಿನ, ತಂದೆಯ ಹೆಸರು, ಪಾಸ್‌ಪೋರ್ಟ್ ವಿವರಗಳ ಕೆಳಗೆ 'ತಿಳಿದ ಭಾಷೆಗಳು' ಎಂಬ ಒಂದು ಸಾಲು ಇರುತ್ತದೆ. ಕಾಪುವಿನ ಒಬ್ಬ ತರುಣಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರೊಂದಿಗೆ ಕೊಂಕಣಿ, ಪೇಟೆಯಲ್ಲಿ ಬ್ಯಾರಿ, ಕಾಲೇಜಿನಲ್ಲಿ ಇಂಗ್ಲಿಷ್, ಟಿವಿಯಿಂದ ಕಲಿತ ಹಿಂದಿ. ಆಸ್ಪತ್ರೆಯ ನರ್ಸ್ ಕೆಲಸಕ್ಕೋ ಬ್ಯಾಂಕಿನ ಕೌಂಟರಿಗೋ ಅರ್ಜಿ ಹಾಕುವಾಗ ಇದು ಅವಳ ಬಹುದೊಡ್ಡ ಬಂಡವಾಳ. ನೋವು ಎಲ್ಲಿದೆ ಎಂದು ರೋಗಿಯ ಮನೆಮಾತಿನಲ್ಲೇ ಕೇಳಬಲ್ಲವಳು ಅವಳು. ಅದನ್ನು ಹಾಳೆಯ ತಳದಲ್ಲಿ 'ಹವ್ಯಾಸಗಳು' ಎಂಬುದರ ಪಕ್ಕ ತುರುಕುತ್ತೇವೆ. ಮೇಲಿನ ಜಾಗವನ್ನು 'ಸವಾಲಿನ ಕೆಲಸದಲ್ಲಿ ನನ್ನ ಸಾಮರ್ಥ್ಯ ಬೆಳೆಸಿಕೊಳ್ಳುವ ಉದ್ದೇಶ' ಎಂಬ, ಯಾರು ಬರೆದರೂ ಒಂದೇ ಆಗುವ ವಾಕ್ಯಕ್ಕೆ ಬಿಟ್ಟುಕೊಡುತ್ತೇವೆ. ಆರು ಭಾಷೆಗಳನ್ನು ಹೆಸರಿನ ಕೆಳಗಿನ ಎರಡನೇ ಸಾಲಿಗೆ ತಂದುಬಿಡಿ, ಬೇರೇನೂ ಬದಲಿಸಬೇಡಿ. ಆ ಹಾಳೆ ಆಗಲೇ ಅವಳದಾಗುತ್ತದೆ.

ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆದ ಪತ್ರವನ್ನು ಮೊದಲ ರೆಸ್ಯೂಮೆ ಎಂದು ಹಲವರು ಕರೆಯುತ್ತಾರೆ. ಅದರಲ್ಲಿ ಅಂಶ ಅಂಶವಾಗಿ ಸೇತುವೆ, ಸುರಂಗ, ಫಿರಂಗಿ, ಯುದ್ಧರಥಗಳ ಮಾತು. ಚಿತ್ರ ಬರೆಯಬಲ್ಲೆ ಎಂಬ ಮಾತು ಕೊನೆಗೆ ಬರುತ್ತದೆ. ಓದುವವನಿಗೆ ಬೇಕಾದದ್ದು ಯುದ್ಧ ಯಂತ್ರ ಎಂದು ಲಿಯೊನಾರ್ಡೊಗೆ ಗೊತ್ತಿತ್ತು. ಆ ಜೋಡಣೆಯಲ್ಲಿ ಅವನ ಬುದ್ಧಿ ಎಷ್ಟು ಕಾಣುತ್ತದೋ ಅಷ್ಟು ಯಾವ ಅಲಂಕಾರದಲ್ಲೂ ಕಾಣುತ್ತಿರಲಿಲ್ಲ.

ಹಾಗಾದರೆ ಶೈಲಿಗೆ ಜಾಗವೇ ಇಲ್ಲವೇ? ಇದೆ, ಮತ್ತು ಅದಕ್ಕೆ ಕಾಪುವಿನ ಕಡಲತೀರದಲ್ಲೇ ಒಳ್ಳೆಯ ಮಾದರಿಯೂ ಇದೆ. ಬಂಡೆಯ ಮೇಲಿನ ದೀಪಸ್ತಂಭ 1901ರದು. ದೀಪಸ್ತಂಭಗಳ ಬೆಳಕು ಸಾಮಾನ್ಯವಾಗಿ ಬಿಳಿಯೇ. ಕತ್ತಲೆಯಲ್ಲಿ ದೂರದ ಹಡಗಿನವನಿಗೆ ಇದು ಯಾವ ಊರಿನ ದೀಪ ಎಂದು ಗೊತ್ತಾಗುವುದು ಮಿನುಗಿನ ಲಯದಿಂದ. ಎಷ್ಟು ಮಿನುಗು, ನಡುವೆ ಎಷ್ಟು ಕತ್ತಲೆ, ಎಷ್ಟು ಸೆಕೆಂಡಿಗೆ ಅದೇ ಕ್ರಮ ಮರಳುತ್ತದೆ ಎಂಬುದನ್ನು ಪ್ರತಿ ದೀಪಸ್ತಂಭಕ್ಕೂ ನಿಗದಿ ಮಾಡಿ ನಾವಿಕರ ಪಟ್ಟಿಯಲ್ಲಿ ಮುದ್ರಿಸಿರುತ್ತಾರೆ. ಬೆಳಕು ಎಲ್ಲರದ್ದೂ ಒಂದೇ, ಲಯ ಮಾತ್ರ ಅವರವರದು. ಆ ಲಯದಲ್ಲಿ ಕತ್ತಲೆಯೂ ಬೆಳಕಿನಷ್ಟೇ ಮುಖ್ಯ. ರೆಸ್ಯೂಮೆಯಲ್ಲಿ ಕತ್ತಲೆಯ ಕೆಲಸ ಮಾಡುವುದು ಬಿಳಿ ಜಾಗ.

ಅದಕ್ಕೆ ಶರೀರಶಾಸ್ತ್ರದ ಕಾರಣವಿದೆ. ಫೋವಿಯಾದ ಆಚೆಗಿನ ನೋಟ ಮಸುಕು ಮಾತ್ರವಲ್ಲ, ಇಕ್ಕಟ್ಟನ್ನು ಸಹಿಸದು. ಡಚ್ ವಿಜ್ಞಾನಿ ಹರ್ಮನ್ ಬೌಮಾ 1970ರಲ್ಲಿ ತೋರಿಸಿದಂತೆ, ದೃಷ್ಟಿಯ ನಡುಬಿಂದುವಿನಿಂದ ಎಷ್ಟು ದೂರದಲ್ಲಿ ಅಕ್ಷರವಿದೆಯೋ ಅದರ ಅರ್ಧದಷ್ಟು ಅಂತರದೊಳಗೆ ಬೇರೆ ಅಕ್ಷರಗಳಿದ್ದರೆ ಗುರುತು ಸಿಕ್ಕುವುದು ಕಷ್ಟ. ನಡುಬಿಂದುವಿನಿಂದ ಮೂರು ಸೆಂಟಿಮೀಟರ್ ಕೆಳಗಿರುವ ಶೀರ್ಷಿಕೆಯನ್ನು ಕಣ್ಣಂಚಿನಿಂದ ಓದಲಾಗದು. ಆದರೆ ಅದರ ಸುತ್ತ ಖಾಲಿ ಇದ್ದರೆ ಅಲ್ಲೊಂದು ಶೀರ್ಷಿಕೆ ಇದೆ ಎಂಬ ಸುಳಿವು ಸಿಕ್ಕುತ್ತದೆ, ಮುಂದಿನ ಜಿಗಿತ ಅಲ್ಲಿಗೇ ಇಳಿಯುತ್ತದೆ. ಶೀರ್ಷಿಕೆಯ ಮೇಲೆ ಹೆಚ್ಚು ಜಾಗ, ಕೆಳಗೆ ಕಡಿಮೆ ಜಾಗ ಬಿಟ್ಟರೆ ಅದು ತನ್ನ ವಿವರಕ್ಕೆ ಅಂಟಿಕೊಂಡಂತೆ ಕಾಣುವುದು ಜರ್ಮನಿಯ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲಿ ವಿವರಿಸಿದ ಸಾಮೀಪ್ಯದ ನಿಯಮದಿಂದ. ಅಡ್ಡಗೆರೆಗಳೂ ಪೆಟ್ಟಿಗೆಗಳೂ ಮಾಡಬೇಕಾದ ಕೆಲಸವನ್ನು ಆರೇಳು ಮಿಲಿಮೀಟರ್ ಖಾಲಿ ಜಾಗ ಮಾಡಿಬಿಡುತ್ತದೆ.

ಫಾಂಟಿನ ವಿಷಯದಲ್ಲಿ ಒಂದು ಪ್ರಯೋಗವನ್ನು ನೆನೆಯಬೇಕು. 2008ರಲ್ಲಿ ಮನೋವಿಜ್ಞಾನಿಗಳಾದ ಹ್ಯುಂಜಿನ್ ಸಾಂಗ್ ಮತ್ತು ನಾರ್ಬರ್ಟ್ ಶ್ವಾರ್ಜ್ ಅಮೆರಿಕದ ವಿದ್ಯಾರ್ಥಿಗಳಿಗೆ ವ್ಯಾಯಾಮದ ಸೂಚನೆಗಳನ್ನು ಕೊಟ್ಟರು. ಸೂಚನೆ ಒಂದೇ. ಕೆಲವರಿಗೆ ಸರಳವಾದ ಏರಿಯಲ್ ಅಕ್ಷರದಲ್ಲಿ, ಉಳಿದವರಿಗೆ ಕುಂಚದಿಂದ ಬರೆದಂಥ ಅಕ್ಷರದಲ್ಲಿ. ಏರಿಯಲ್‌ನಲ್ಲಿ ಓದಿದವರು ಈ ವ್ಯಾಯಾಮಕ್ಕೆ ಎಂಟು ನಿಮಿಷ ಹಿಡಿಯಬಹುದು ಎಂದರು. ಕುಂಚದ ಅಕ್ಷರದಲ್ಲಿ ಓದಿದವರು ಹದಿನೈದು ನಿಮಿಷ ಎಂದರು. ಓದುವ ಶ್ರಮವನ್ನು ಮೆದುಳು ವಿಷಯದ ಲೆಕ್ಕಕ್ಕೆ ಬರೆದುಕೊಂಡಿತ್ತು. ರೆಸ್ಯೂಮೆಯ ಚಿತ್ತಾರದ ಅಕ್ಷರವೂ ಹೀಗೆಯೇ, ಅಭ್ಯರ್ಥಿಯೇ ತೊಡಕಿನವನು ಎಂಬ ಭಾವವನ್ನು ಓದುವವನಿಗೆ ಅರಿವಿಲ್ಲದೆ ಹುಟ್ಟಿಸಬಹುದು. ಹೆಸರಿಗೆ ಮಾತ್ರ ನಿಮಗಿಷ್ಟವಾದ ಒಂದು ಅಕ್ಷರರೂಪ, ಉಳಿದದ್ದಕ್ಕೆಲ್ಲ ಸಾದಾ ಅಕ್ಷರ. ಬಣ್ಣವೂ ಅಷ್ಟೆ. ಒಂದು ಪಟ್ಟಿಯಲ್ಲಿ ಭಿನ್ನವಾದ ಒಂದು ವಸ್ತು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲಿ ತೋರಿಸಿದ್ದರು. ಹತ್ತು ಕಡೆ ದಪ್ಪಕ್ಷರ, ಮೂರು ಬಣ್ಣ ಬಳಸಿದಾಗ ಭಿನ್ನವಾದದ್ದು ಯಾವುದೂ ಉಳಿಯುವುದಿಲ್ಲ. 'ಪೈಥಾನ್ ಶೇಕಡ 80' ಎಂದು ತುಂಬಿದ ಪಟ್ಟಿಗಳನ್ನಂತೂ ತೆಗೆದುಹಾಕಿ. ಯಾವುದರ ಶೇಕಡ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಅಳತೆ ಅದು.

ಇಷ್ಟು ಹೇಳುವ ಪುಸ್ತಕಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಅವು ಹೇಳದಿರುವುದು ಕನ್ನಡದ ಹಾಳೆಯ ಬಗ್ಗೆ. ಶಾಲೆ, ಸಹಕಾರಿ ಸಂಘ, ಪತ್ರಿಕೆ, ಕನ್ನಡ ವಿಭಾಗಗಳಿಗೆ ಕನ್ನಡದಲ್ಲೇ ಸ್ವವಿವರ ಕಳಿಸುವವರಿದ್ದಾರೆ, ಇಂಗ್ಲಿಷ್ ಹಾಳೆಯಲ್ಲಿ ಹೆಸರನ್ನೋ ಪ್ರಕಟವಾದ ಕೃತಿಯನ್ನೋ ಕನ್ನಡದಲ್ಲಿ ಕೊಡುವವರಿದ್ದಾರೆ. ಅವರು ಇಂಗ್ಲಿಷಿನ ಅಳತೆಯನ್ನೇ ಕನ್ನಡಕ್ಕೂ ಹೊಂದಿಸಿದಾಗ ಪುಟ ಉಸಿರುಗಟ್ಟುತ್ತದೆ.

ಕಾರಣ ಲಿಪಿಯ ರಚನೆಯಲ್ಲಿದೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಗುರುತಿನ ಸುಳಿವು ಹೆಚ್ಚಾಗಿ ಮೇಲಿನ ಅರ್ಧದಲ್ಲಿರುತ್ತದೆ. ಕನ್ನಡದಲ್ಲಿ ಬಹುಪಾಲು ವ್ಯಂಜನಗಳಿಗೆ ಒಂದೇ ತಲೆಕಟ್ಟು. ಮೇಲ್ತುದಿಯಷ್ಟನ್ನೇ ನೋಡಿದರೆ ಭೇದ ಸಿಕ್ಕುವುದಿಲ್ಲ. ದ, ಧ, ಥಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು, ಒಳಗಿನ ಒಂದು ಚುಕ್ಕಿ. ಪ, ಫ, ಷಗಳದೂ ಅದೇ ಕತೆ. ಒಂಬತ್ತು ಪಾಯಿಂಟಿನಲ್ಲಿ ಮುದ್ರಿಸಿ ಎರಡು ಸಲ ಜೆರಾಕ್ಸ್ ಮಾಡಿದರೆ ಥದ ಚುಕ್ಕಿ ಮುಚ್ಚಿಹೋಗುತ್ತದೆ. ಇದರ ಮೇಲೆ ಒತ್ತಕ್ಷರ. ಅದು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸಿನ ತಲೆಗೆ ತಾಗುತ್ತದೆ. ಇಂಗ್ಲಿಷಿಗೆ 1.15ರ ಸಾಲಂತರ ಸಾಕಾದರೆ ಕನ್ನಡಕ್ಕೆ 1.4ರಿಂದ 1.5 ಬೇಕು. ಅಕ್ಷರದ ಅಳತೆಯನ್ನೂ ಇಂಗ್ಲಿಷಿಗಿಂತ ಒಂದು ಪಾಯಿಂಟ್ ಹೆಚ್ಚಿಸುವುದು ಒಳ್ಳೆಯದು. ಬೌಮಾ ಹೇಳಿದ ಇಕ್ಕಟ್ಟಿನ ನಿಯಮ ನಮ್ಮ ಲಿಪಿಗೆ ಪಕ್ಕದಿಂದ ಮಾತ್ರವಲ್ಲ, ಕೆಳಗಿನಿಂದಲೂ ಅನ್ವಯಿಸುತ್ತದೆ. ದಪ್ಪಕ್ಷರ ಮಾಡಿದಾಗ ಅಕ್ಷರದ ಒಳಗಿನ ಬಿಳಿ ಕಣ್ಣುಗಳು ತುಂಬಿಹೋಗುವುದರಿಂದ ಕನ್ನಡದ ಶೀರ್ಷಿಕೆಗೆ ದಪ್ಪಕ್ಕಿಂತ ಗಾತ್ರವೇ ಮೇಲು. ಅಕ್ಷರವನ್ನು ಓರೆ ಮಾಡುವುದು ನಮ್ಮ ಲಿಪಿಯ ಸಂಪ್ರದಾಯವೇ ಅಲ್ಲ, ಅದನ್ನು ಬಿಟ್ಟುಬಿಡಬಹುದು.

ಎರಡು ಲಿಪಿಗಳನ್ನು ಒಂದೇ ಪುಟದಲ್ಲಿ ಕೂರಿಸುವ ವಿದ್ಯೆ ಇದೇ ಕರಾವಳಿಯಲ್ಲಿ ಹಳೆಯದು. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನಿಂದ ಮುದ್ರಣ ಶುರು ಮಾಡಿತು. 1843ರ 'ಮಂಗಳೂರ ಸಮಾಚಾರ' ಪತ್ರಿಕೆ ಬಂದದ್ದು ಕಲ್ಲಚ್ಚಿನಲ್ಲೇ. 1894ರಲ್ಲಿ ಅದೇ ಮಿಷನ್ನಿನ ಕಿಟೆಲ್ ನಿಘಂಟು ಹೊರಬಂದಾಗ ಕನ್ನಡದ ಶಬ್ದ, ಇಂಗ್ಲಿಷಿನ ಅರ್ಥ, ನಡುವೆ ಆಕರಗಳ ಸಂಕೇತ ಎಲ್ಲವೂ ಒಂದೇ ಸಾಲಿನಲ್ಲಿ ನೆಲೆ ಕಂಡಿದ್ದವು. ಗ್ರಂಥಾಲಯದಲ್ಲಿ ಸಿಕ್ಕರೆ ಅದರ ಒಂದು ಪುಟವನ್ನು ಅರ್ಥಕ್ಕಾಗಿ ಅಲ್ಲ, ಜೋಡಣೆಗಾಗಿ ನೋಡಿ.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರೂ ಈ ಸೀಮೆಯವರೇ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್, ಮೊನೊಟೈಪ್‌ಗಳಲ್ಲಿ ಕೆಲಸ ಮಾಡಿ, ಮಣಿಪಾಲದಲ್ಲಿ ಪಾಠ ಹೇಳಿದವರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರದಂತೆ ಹೊಡೆಯುವ ವಿನ್ಯಾಸ ಅವರದು. ಕ ಬೇಕಾದರೆ 'ಕೆ' ಒತ್ತಿ, ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಒತ್ತಿ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ತಂತ್ರಾಂಶವೊಂದನ್ನು ಉಚಿತವಾಗಿ ಹಂಚಿದರು. ಇಂದು 'ನುಡಿ' ತಂತ್ರಾಂಶದಲ್ಲಿ ಬೆರಳಾಡಿಸುವ ಬಹುತೇಕರು ಬಳಸುತ್ತಿರುವುದು ಆ ವಿನ್ಯಾಸದ ಫಲವನ್ನೇ.

ಆದರೆ ಅಂದಿನ ಫಾಂಟುಗಳದ್ದೊಂದು ಗುಟ್ಟು ಇಂದಿಗೂ ಅರ್ಜಿದಾರರನ್ನು ಕಾಡುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸುತ್ತಿದ್ದರು. ಹಾಳೆಯ ಮೇಲೆ ಅದು ಮುದ್ದಾದ ಕನ್ನಡ, ಕಡತದ ಒಳಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಡಿಟಿಪಿ ಅಂಗಡಿಗಳಲ್ಲಿ ಅಂಥ ಫಾಂಟುಗಳು ಈಗಲೂ ಜೀವಂತವಾಗಿವೆ, ಏಕೆಂದರೆ ಆಮಂತ್ರಣ ಪತ್ರಿಕೆಗೂ ಬ್ಯಾನರಿಗೂ ಅವು ಸಾಕು. ರೆಸ್ಯೂಮೆಗೆ ಸಾಲದು. ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಯಂತ್ರ. ಅದಕ್ಕೆ ಕಣ್ಣಿಲ್ಲ, ಬರೇ ಸಂಕೇತಗಳು ಗೊತ್ತು. ಎರಡು ಕಾಲಂ ಇದ್ದರೆ ಕೆಲವು ತಂತ್ರಾಂಶಗಳು ಎಡದ ಅರ್ಧ ಸಾಲಿಗೆ ಬಲದ ಅರ್ಧ ಸಾಲನ್ನು ಸೇರಿಸಿ ಓದುತ್ತವೆ, ಚಿತ್ರದೊಳಗೆ ಬರೆದ ಫೋನ್ ನಂಬರನ್ನು ಬಿಟ್ಟೇಬಿಡುತ್ತವೆ. ಪರೀಕ್ಷೆ ಸುಲಭ. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ಕೆಮಾಡಿ, ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಬಂದ ಕ್ರಮವೇ ಯಂತ್ರ ಹೆಚ್ಚುಕಡಿಮೆ ಕಾಣುವ ಕ್ರಮ. ಕನ್ನಡದಲ್ಲಿ ಇನ್ನೊಂದು ತೊಡಕಿದೆ: ಯೂನಿಕೋಡಿನಲ್ಲೇ ಬರೆದಿದ್ದರೂ ಪಿಡಿಎಫ್ ಮಾಡುವಾಗ ಒತ್ತಕ್ಷರಗಳು ಕಾಣುವ ಆಕಾರಗಳಾಗಿ ಕೂತು, ಮರಳಿ ಅಕ್ಷರವಾಗದೆ ಹೋಗಬಹುದು. ಹಾಗಾದರೆ ಬೇರೆ ತಂತ್ರಾಂಶದಿಂದ ಪಿಡಿಎಫ್ ಮಾಡಿ ನೋಡಿ, ಹೆಸರನ್ನೂ ಊರನ್ನೂ ಇಂಗ್ಲಿಷಿನಲ್ಲಿ ಒಮ್ಮೆ ಕೊಡಿ. ಅಮೆರಿಕಕ್ಕೆ ಕಳಿಸುವವರು ಕಾಗದದ ಅಳತೆಯನ್ನೂ ಗಮನಿಸಬೇಕು. ಅಲ್ಲಿನ ಲೆಟರ್ ಹಾಳೆ ನಮ್ಮ ಎ4ಗಿಂತ ಅಗಲದಲ್ಲಿ ಆರು ಮಿಲಿಮೀಟರ್ ಹೆಚ್ಚು, ಉದ್ದದಲ್ಲಿ ಹದಿನೆಂಟು ಕಡಿಮೆ. ಕೊನೆಯ ಎರಡು ಮೂರು ಸಾಲು ಇನ್ನೊಂದು ಪುಟಕ್ಕೆ ಉರುಳುತ್ತವೆ.

ಶೈಲಿ ಎನ್ನುವುದು ಏನನ್ನು ಸೇರಿಸಬೇಕು ಎಂಬಷ್ಟೇ ಏನನ್ನು ಬಿಡಬೇಕು ಎಂಬ ನಿರ್ಧಾರವೂ ಹೌದು. ನಮ್ಮಲ್ಲಿ ಕೆಲಸದ ಬಯೋಡೇಟಾ ಮತ್ತು ಮದುವೆಯ ಬಯೋಡೇಟಾ ಅಕ್ಕತಂಗಿಯರಂತೆ ಕಾಣುತ್ತವೆ. ಫೋಟೊ, ಜಾತಿ, ಧರ್ಮ, ತಂದೆಯ ಉದ್ಯೋಗ, ವೈವಾಹಿಕ ಸ್ಥಿತಿ ಎರಡರಲ್ಲೂ ಇರುತ್ತವೆ. ಸಮಾಜವಿಜ್ಞಾನಿಗಳಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಸಾಲುಗಳನ್ನು ತುಂಬುವ ಮುಂಚೆ ತಿಳಿದಿರಬೇಕು. ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಕಳಿಸಿ, ಹೆಸರನ್ನು ಮಾತ್ರ ಬದಲಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಮುಂದಿನ ಹಂತಕ್ಕೆ ಕರೆ ಬರುವ ಸಂಭವದ ಅನುಪಾತ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಹಾಳೆಯ ಮೇಲಿನ ಬೇರಾವ ಅಕ್ಷರಕ್ಕೂ ಇಷ್ಟು ಭಾರವಿಲ್ಲ. ಇದನ್ನು ಸರಿಪಡಿಸಬೇಕಾದವರು ಆರಿಸುವವರೇ ಹೊರತು ಅರ್ಜಿ ಹಾಕುವವರಲ್ಲ. ಕರಾವಳಿಯಲ್ಲಿ ಅಡ್ಡಹೆಸರೇ ಸಮುದಾಯ ಹೇಳುವುದರಿಂದ ಪೂರ್ತಿ ಮುಚ್ಚಲೂ ಆಗದು, ಯಾರೂ ತಮ್ಮ ಹೆಸರನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಕೇಳದ ಜಾತಿ, ಕೇಳದ ಧರ್ಮ, ಕೇಳದ ಫೋಟೊ ಹಾಳೆಯಿಂದ ಹೊರಗಿರಲಿ. ಅಷ್ಟು ಜಾಗ ಕೆಲಸಕ್ಕೆ ಸಿಗಲಿ.

ಫೋಟೊವೇ ಮುಖ್ಯವಾಗುವ ರೆಸ್ಯೂಮೆಯೂ ಒಂದಿದೆ, ಶಿಲ್ಪಿಯದು. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನಿಗೆ 42 ಅಡಿ. 1586ರ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ಮುಖ. ಕಲ್ಲಿನ ಕೆಲಸ ಈ ತಾಲೂಕಿನಲ್ಲಿ ಈಗಲೂ ಜೀವನೋಪಾಯ, ಮಿಯ್ಯಾರಿನಲ್ಲಿ ಕಲ್ಲು, ಮರ, ಲೋಹದ ಕೆತ್ತನೆಯನ್ನು ಯುವಕರಿಗೆ ಕಲಿಸುವ ತರಬೇತಿ ಸಂಸ್ಥೆಯೂ ಇದೆ. ಅಲ್ಲಿ ಕಲಿತವನ ಹಾಳೆಯಲ್ಲಿ 'ಪ್ರಾವೀಣ್ಯ' ಎಂಬ ಪದಕ್ಕಿಂತ ಅವನು ಕೆತ್ತಿದ ಒಂದು ಮುಖದ ಚಿತ್ರ ಹೆಚ್ಚು ಹೇಳುತ್ತದೆ. ಅದಕ್ಕೆ ಅರ್ಧ ಪುಟ ಕೊಟ್ಟರೂ ತಪ್ಪಿಲ್ಲ.

ಆ ಚಿತ್ರ ತೆಗೆಯುವುದರಲ್ಲೂ ಕಣ್ಣಿನ ನಿಯಮವಿದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮೆದುಳು ನಂಬಿಕೊಂಡಿದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ನೆರಳಿನ ವೃತ್ತಗಳಿಂದ ಇದನ್ನು ಸೊಗಸಾಗಿ ತೋರಿಸಿಕೊಟ್ಟರು: ಮೇಲೆ ಬೆಳಕಿದ್ದ ವೃತ್ತ ಉಬ್ಬಿದಂತೆ, ಕೆಳಗೆ ಬೆಳಕಿದ್ದದ್ದು ತಗ್ಗಿದಂತೆ ಕಾಣುತ್ತದೆ. ಉಬ್ಬು ಕೆತ್ತನೆಗೆ ಕೆಳಗಿನಿಂದ ದೀಪ ಹಿಡಿದು ಫೋಟೊ ತೆಗೆದರೆ ಉಬ್ಬು ತಗ್ಗಾಗಿ ಕಾಣುವ ಅಪಾಯವಿದೆ. ಮೊಬೈಲಿನ ಫ್ಲ್ಯಾಶ್ ನೇರವಾಗಿ ಹೊಡೆದರೆ ನೆರಳೇ ಇಲ್ಲದೆ ಕಪ್ಪು ಕಲ್ಲು ಚಪ್ಪಟೆಯಾಗುತ್ತದೆ. ಬೆಳಗ್ಗೆ ಎಂಟರ ಬಿಸಿಲು ಮೇಲಿನ ಎಡದಿಂದ ಓರೆಯಾಗಿ ಬೀಳುವಾಗ ತೆಗೆಯಿರಿ. ಪಕ್ಕದಲ್ಲಿ ಒಂದು ಅಡಿಕೋಲು ಇರಲಿ, ಏಕೆಂದರೆ ಹಿನ್ನೆಲೆಯಿಲ್ಲದ ಚಿತ್ರದಲ್ಲಿ 42 ಅಡಿಯ ಗೊಮ್ಮಟನಿಗೂ ಅಂಗೈಯಗಲದ ಗೊಮ್ಮಟನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಚಿತ್ರದ ಕೆಳಗೆ ಒಂದೇ ಸಾಲು: ಯಾವ ಕಲ್ಲು, ಎಷ್ಟು ಎತ್ತರ, ಎಷ್ಟು ತಿಂಗಳ ಕೆಲಸ, ಈಗ ಯಾವ ಊರಿನಲ್ಲಿದೆ. ಹಲವರು ಸೇರಿ ಮಾಡಿದ ವಿಗ್ರಹವಾದರೆ ಅದರಲ್ಲಿ ನಿಮ್ಮ ಉಳಿ ಆಡಿದ್ದು ಎಲ್ಲಿ ಎಂಬುದನ್ನೂ ಬರೆಯಿರಿ: ಪ್ರಭಾವಳಿಯೋ, ಕಿರೀಟವೋ, ಕಾಲ ಬೆರಳುಗಳೋ.